ಮಜ್ಜಿಗೆ ಕ್ಯಾನಿನಲ್ಲಿ ಬಂದ ಬೀಗರು

ಮೀನಿನ ಕೊಳಕ್ಕೆ ಯಾರೋ ವಿಷ ಹಾಕಿದ್ದಾರೆಂಬ ಅನುಮಾನ ಬಂದರೆ ಬುದ್ಧಿ ಇದ್ದವರು ಆ ನೀರನ್ನು ಬಾಟಲಿಗೆ ತುಂಬಿ ಪರೀಕ್ಷೆಗೆ ಕಳಿಸುತ್ತಾರೆ. ನಾನು ಚೊಂಬಿಗೆ ತುಂಬಿ ಕುಡಿದೆ. ಒಂದಲ್ಲ, ಎರಡು ಚೊಂಬು. ಮೊದಲನೆಯದರಲ್ಲಿ ರುಚಿ ಸರಿಯಾಗಿ ತಿಳಿದಿರಲಿಲ್ಲ.

ಆ ಕೊಳಕ್ಕೆ ಹಿಂದಿನ ದಿನವಷ್ಟೇ ನಾನೇ ನಾಲ್ಕು ಮಂಕರಿ ಸಗಣಿ ಸುರಿದಿದ್ದೆ. ನೀರು ಹಸಿರಾಗಲಿ, ಮರಿಗಳ ಬಾಯಿಗೆ ಸಣ್ಣಪುಟ್ಟ ಹುಳ ಸಿಗಲಿ ಎಂದು ಮೀನು ಸಾಕುವವರೆಲ್ಲ ಮಾಡುವ ಕೆಲಸ ಅದು. ಅದು ನೆನಪಾದದ್ದು ಮೂರನೆಯ ದಿನ, ಅದೇ ಚೊಂಬು ಹಿಡಿದುಕೊಂಡು ತೋಟದ ಕಡೆ ಇಪ್ಪತ್ತನೇ ಸಲ ಓಡುವಾಗ. ಅಲ್ಲಿಯವರೆಗೂ ನನ್ನ ಹೊಟ್ಟೆಯನ್ನೇ ಸಾಕ್ಷಿ ಮಾಡಿಕೊಂಡು, "ವಿಷ ಇದೆ ಅಂತ ಹೇಳಿರ್ಲಿಲ್ವಾ?" ಎಂದು ಮನೆಯವರಿಗೆಲ್ಲ ಸಾರುತ್ತಿದ್ದೆ.

"ವಿಷ ಕುಡ್ದೋನು ಮಲಗಿರ್ತಾನೆ ಕಣೋ, ಹಿಂಗೆ ಓಡಾಡಲ್ಲ" ಅಂದರು ಚಿಕ್ಕಮ್ಮ. "ನೀನು ಕುಡ್ದಿರೋದು ನಮ್ಮ ಹಸೂದೇ. ಹೋಗು, ಅದರ ಮೇಲೂ ಕಂಪ್ಲೇಂಟ್ ಕೊಡು."

ಇದು ತೊಂಬತ್ತರ ದಶಕದ ಕೊನೆಯ ಮಾತು. ಅದಕ್ಕೆ ನಾಲ್ಕೈದು ವರ್ಷ ಮುಂಚೆ ನಾನು ತುಮಕೂರಿನ ಬಟವಾಡಿಯಲ್ಲಿ ಬಾಡಿಗೆ ರೂಮು ಮಾಡಿಕೊಂಡು ಡಿಗ್ರಿ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ಮನೆಯವರ ನಂಬಿಕೆ. ಜೀವಶಾಸ್ತ್ರದಲ್ಲಿ ಎರಡು ಸಲ ಫೇಲಾದೆ. ಅದೂ ಬಟಾಣಿ ಗಿಡದಲ್ಲಿ ಅಪ್ಪ ಅಮ್ಮನ ಗುಣ ಮಕ್ಕಳಿಗೆ ಹೇಗೆ ಬರುತ್ತದೆ ಎಂಬ ಪಾಠದಲ್ಲಿ. ಬಟಾಣಿ ಯಾರ ಹೊಟ್ಟೆಯಲ್ಲಿ ಹುಟ್ಟಿದರೆ ನನಗೇನು, ಪಲಾವಿಗೆ ಬಿದ್ದರೆ ಸಾಕು ಎಂಬುದು ಆಗಿನ ನನ್ನ ನಿಲುವು. ಹೀಗೆ ಓದು ಮುಗಿಸದೆ ಮುಗಿಸಿ, ಗುಬ್ಬಿಯ ಹತ್ತಿರ ಚಿಕ್ಕಪ್ಪನ ತೆಂಗಿನ ತೋಟಕ್ಕೆ ಬಂದುಬಿದ್ದೆ. ತೋಟದ ತಗ್ಗಿನಲ್ಲಿ ಚಿಕ್ಕಪ್ಪ ನಾಲ್ಕು ಮಣ್ಣಿನ ಕೊಳ ತೆಗೆಸಿ ಗೆಂಡೆ ಮೀನು ಸಾಕಿದ್ದರು. ಮರಿ ಮಾಡಿಸಿ, ಕೆರೆ ಗುತ್ತಿಗೆ ಹಿಡಿದವರಿಗೆ ಮಾರುವುದು ವ್ಯಾಪಾರ. "ನೋಡ್ಕೊ" ಎಂದು ನನಗೆ ವಹಿಸಿದರು. ಅದೊಂದೇ ಅವರ ಜೀವನದ ದುಡುಕು.

ಗೆಂಡೆಗೆ ಮರಿ ಮಾಡಿಸುವುದು ಕಷ್ಟದ ಕೆಲಸವಲ್ಲ. ಸೊಳ್ಳೆಪರದೆಯಂಥ ಬಟ್ಟೆಯಲ್ಲಿ ತೊಟ್ಟಿಯ ಹಾಗೆ ಹೊಲಿದು, ನಾಲ್ಕು ಮೂಲೆಗೆ ಗಳ ನೆಟ್ಟು ನೀರಿನಲ್ಲಿ ಕಟ್ಟಬೇಕು. ಒಳಗೆ ಕೆರೆಯ ನೀರುಗಿಡ ಹಾಸಿ, ಒಂದು ಹೆಣ್ಣು ಎರಡು ಗಂಡು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಗಿಡದ ತುಂಬ ರಾಗಿಕಾಳಿನಂಥ ಮೊಟ್ಟೆ ಅಂಟಿರುತ್ತದೆ. ಎರಡು ಮೂರು ದಿನಕ್ಕೆ ಮರಿ. ಮೀನೇ ಎಲ್ಲ ಮಾಡುತ್ತದೆ. ಮನುಷ್ಯನ ಕೆಲಸ ಒಂದೇ: ಯಾವ ಹೆಣ್ಣಿಗೆ ಯಾವ ಗಂಡು ಎಂದು ಆರಿಸುವುದು. ಆ ಒಂದೇ ಕೆಲಸವನ್ನು ನಾನು ಕೆಡಿಸಿದೆ.

ಮೊದಲ ವರ್ಷ ಕೊಳದಲ್ಲಿ ಮೂವತ್ತು ತಾಯಿ ಮೀನುಗಳಿದ್ದವು. ಅದರಲ್ಲಿ ಒಂದು ಮಾತ್ರ ಎಮ್ಮೆಕರುವಿನ ಹಾಗೆ ಬೆಳೆದಿತ್ತು. ಅದಕ್ಕೆ ಮಹಾರಾಣಿ ಎಂದು ಹೆಸರಿಟ್ಟೆ. ದೊಡ್ಡ ತಾಯಿ ಇರುವಾಗ ಸಣ್ಣ ತಾಯಂದಿರು ಯಾಕೆ ಎಂದು ಉಳಿದ ಇಪ್ಪತ್ತೊಂಬತ್ತನ್ನೂ ಯಾರದೋ ಮನೆಯ ಬಾಡೂಟಕ್ಕೆ ಸಾಗಿಸಿದೆ. ಮಹಾರಾಣಿಯ ಮಕ್ಕಳಲ್ಲಿ ದಪ್ಪನೆಯವನ್ನೇ ಆರಿಸಿ ಗಂಡು ಮಾಡಿಟ್ಟುಕೊಂಡೆ. ಮರುವರ್ಷ ಆ ಮಕ್ಕಳನ್ನೇ ಅವಳ ಜೊತೆ ಬಿಟ್ಟೆ. ಅದರ ಮರುವರ್ಷ ಅಣ್ಣ ತಂಗಿಯರನ್ನು ಕೂಡಿಸಿದೆ. ನನ್ನ ಲೆಕ್ಕದಲ್ಲಿ ಅದು ಹಾಲಿಗೆ ಹಾಲು ಬೆರೆಸಿದ ಹಾಗೆ, ಗಟ್ಟಿಯಾಗಬೇಕು ತಾನೇ?

ಮೊದಲೆರಡು ವರ್ಷ ನಮ್ಮ ಮರಿ ಹೆಸರು ಮಾಡಿತು. ನನ್ನ ತಲೆ ತಿರುಗಿತು. ಈ ತಳಿಯನ್ನು ಯಾರಾದರೂ ಒಯ್ದು ನಮಗೇ ಎದುರಾಳಿಯಾದರೆ ಎಂಬ ಭಯ ಶುರುವಾಯಿತು. ಯಾರು ಕೇಳಿದರೂ "ಇವು ಕಲ್ಕತ್ತದ ಕಡೆಯಿಂದ ತರಿಸಿದ್ದು" ಎಂದು ಸುಳ್ಳು ಹೇಳುತ್ತಿದ್ದೆ. ಒಮ್ಮೆ ಗುಬ್ಬಿ ಸಂತೆಯಲ್ಲಿ ಮೊಪೆಡ್ಡಿನವನೊಬ್ಬನಿಗೆ ಎರಡು ಬಿಂದಿಗೆ ಮರಿ ಮಾರಿದವನು, ಎಲ್ಲಿಂದ ತಂದದ್ದೆಂದು ಯಾರಿಗೂ ಹೇಳಕೂಡದೆಂದು ಅವನ ಹೆತ್ತ ತಾಯಿಯ ಮೇಲೆ ಆಣೆ ಹಾಕಿಸಿಕೊಂಡಿದ್ದೆ. ಅವನು ಹೆದರಿ, ಬೆಲೆ ಕೂಡ ಚೌಕಾಸಿ ಮಾಡದೆ ಹೋದ.

ಮೂರನೆಯ ವರ್ಷದಿಂದ ಎಡವಟ್ಟು ಶುರುವಾಯಿತು. ಅರ್ಧಕ್ಕರ್ಧ ಮೊಟ್ಟೆ ಬೆಳ್ಳಗೆ ಬೂಸ್ಟು ಹಿಡಿಯುತ್ತಿದ್ದವು. ಒಡೆದ ಮರಿಗಳಲ್ಲಿ ಕೆಲವಕ್ಕೆ ಬೆನ್ನು ಡೊಂಕು, ಕೆಲವಕ್ಕೆ ಕಿವಿರಿನ ಮುಚ್ಚಳವೇ ಗಿಡ್ಡ. ಇನ್ನು ಕೆಲವಕ್ಕೆ ಮೈಮೇಲೆ ಹುರುಪೆಯೇ ಇಲ್ಲ. ಪಕ್ಕೆಯಲ್ಲಿ ಮಾತ್ರ ನಾಲ್ಕೈದು ದೊಡ್ಡ ಹೊಳೆಯುವ ಹುರುಪೆ, ಮಿಕ್ಕಿದ್ದು ಬೋಳು. ನಮ್ಮ ಮನೆತನದ ಗಂಡಸರಿಗೆಲ್ಲ ಮೂವತ್ತಕ್ಕೇ ತಲೆ ಬೋಳಾಗುತ್ತದೆ. ಚಿಕ್ಕಮ್ಮ ಆ ಮೀನು ನೋಡಿದಾಗಲೆಲ್ಲ ಚಿಕ್ಕಪ್ಪನ ತಲೆ ನೋಡುತ್ತಿದ್ದರು. ಚಿಕ್ಕಪ್ಪ ಟವೆಲ್ ಸುತ್ತಿಕೊಳ್ಳುತ್ತಿದ್ದರು.

ಮರಿ ಕೊಂಡಿದ್ದ ಕೆರೆ ಗುತ್ತಿಗೆಯವನೊಬ್ಬ ಬಂದು ತೋಟದ ಬಾಗಿಲಲ್ಲೇ ಕೂಗಿದ: "ಸ್ವಾಮಿ, ನಿಮ್ಮ ಮರಿ ಬುಟ್ಟು ವರ್ಷ ಆಯ್ತು. ಇನ್ನೂ ಮರಿನೇ ಐತೆ! ಯಾವಾಗ ಮೀನಾಗೋದು, ನಾನು ಸತ್ತ ಮೇಲಾ?"

ಅವನು ಹೋದ ಎರಡು ದಿನಕ್ಕೆ ಚಿಕ್ಕಪ್ಪ ಎತ್ತಿನ ಗಾಡಿಯಲ್ಲಿ ನಲವತ್ತು ತೆಂಗಿನ ಸಸಿ ತಂದು ಅಂಗಳದಲ್ಲಿ ಸಾಲಾಗಿ ಇಟ್ಟರು.

"ಮುಂದಿನ ಸಲದ ಮರಿ ನೆಟ್ಟಗೆ ಬಂದ್ರೆ ಕೊಳ ನಿಂದು. ಬರ್ಲಿಲ್ಲ ಅಂದ್ರೆ ನಾಲ್ಕೂ ಮುಚ್ಚಿಸಿ ಇವನ್ನ ನೆಡ್ತೀನಿ. ನೀನು ತುಮಕೂರ್ನಾಗೆ ಯಾವ್ದಾದ್ರೂ ಬಟ್ಟೆ ಅಂಗಡಿ ಸೇರ್ಕೊ."

ನನಗೆ ಆ ಕೊಳಗಳ ಮೇಲೆ ಜೀವ. ಹುಟ್ಟಿದಂದಿನಿಂದ ನಾನು ಪಾಸಾಗಬಹುದು ಅನ್ನಿಸಿದ್ದ ಪರೀಕ್ಷೆ ಅದೊಂದೇ. ಚಿಕ್ಕಮ್ಮ ಮಾತ್ರ ದಿನಾ ಬೆಳಿಗ್ಗೆ ಆ ಸಸಿಗಳಿಗೆ ನೀರು ಹಾಕುತ್ತಿದ್ದರು. "ಸುಮ್ನೆ ಒಣಗೋದ್ಯಾಕೆ ಅಂತ" ಅನ್ನುತ್ತಿದ್ದರು. ನನಗೆ ಅವರ ಮೇಲೂ ಅನುಮಾನ ಬಂತು. ನೀರು ಕುಡಿದದ್ದು ಆ ವಾರದಲ್ಲೇ.

ನೀರಿನ ಪರೀಕ್ಷೆ ಮುಗಿದ ಮೇಲೆ ಪಕ್ಕದ ಅಡಿಕೆ ತೋಟದವನ ಮೇಲೆ ಕಣ್ಣು ಹೋಯಿತು. ಅವನು ಹೊಡೆಯುವ ಔಷಧಿ ಗಾಳಿಗೆ ಹಾರಿ ನಮ್ಮ ಕೊಳಕ್ಕೆ ಬೀಳುತ್ತಿದೆಯೆಂದು ಅವನ ಶೆಡ್ಡಿಗೆ ನುಗ್ಗಿ ಡ್ರಮ್ಮಿನೊಳಗೆ ಮುಖ ಇಟ್ಟು ಮೂಸುತ್ತಿದ್ದಾಗ ಅವನೇ ಹಿಂದೆ ಬಂದು ನಿಂತ.

"ಏನ್ಲಾ, ಡ್ರಮ್ಮಿಗೆ ಮುತ್ತು ಕೊಡ್ತಿದ್ದೀಯ? ಬೇಗ ಮದ್ವೆ ಮಾಡ್ರಪ್ಪ ಇವನ್ಗೆ!"

ಆ ಡ್ರಮ್ಮಿನಲ್ಲಿದ್ದದ್ದು ಸುಣ್ಣದ ನೀರು. ವಾರವಿಡೀ ನನ್ನ ಮೂಗು ಬೆಳ್ಳಗಿತ್ತು.

ಕೊನೆಯ ಅನುಮಾನ, ಎಲ್ಲಕ್ಕಿಂತ ದೊಡ್ಡದು, ಕುಣಿಗಲ್ಲಿನ ಯಜಮಾನರ ಮೇಲೆ. ಕುಣಿಗಲ್ ಕೆರೆಯ ಕೆಳಗೆ ಅವರದ್ದೂ ಮೀನಿನ ಕೊಳಗಳಿದ್ದವು. ಹಿಂದಿನ ವರ್ಷ ಯಾರದೋ ಮದುವೆಗೆ ಗುಬ್ಬಿಗೆ ಬಂದವರು ನಮ್ಮ ತೋಟಕ್ಕೂ ಬಂದು, ಕೈ ಹಿಂದೆ ಕಟ್ಟಿಕೊಂಡು ಬದುವಿನ ಮೇಲೆ ಅರ್ಧ ಗಂಟೆ ನಿಂತು, ಕೊನೆಗೆ "ಹೂಂ" ಎಂದು ಹೊರಟಿದ್ದರು. ಒಳ್ಳೆಯ ಮನಸ್ಸಿನವನು "ಚೆನ್ನಾಗಿದೆ" ಅನ್ನುತ್ತಾನೆ. ಕೆಟ್ಟವನು ಕೊಂಕು ತೆಗೆಯುತ್ತಾನೆ. ಬರೀ "ಹೂಂ" ಅನ್ನುವವನು ಏನೋ ಮಾಡಿ ಹೋಗಿದ್ದಾನೆಂದೇ ಅರ್ಥ.

ಚಿಕ್ಕಪ್ಪ ಬೈದದ್ದಕ್ಕೆ ಕೊನೆಗೂ ಡೊಂಕು ಮರಿ ಎರಡು, ಬೋಳು ಮರಿ ಒಂದನ್ನು ಉಪ್ಪಿನಕಾಯಿ ಬಾಟಲಿಗೆ ಹಾಕಿಕೊಂಡು ತುಮಕೂರಿನ ಮೀನುಗಾರಿಕೆ ಆಫೀಸಿಗೆ ಹೋದೆ. ಅಲ್ಲಿ ಒಬ್ಬ ಮೇಡಂ ಇದ್ದರು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದರು:

"ತಾಯಿ ಮೀನು ಎಷ್ಟು ಇಟ್ಟಿದ್ದೀರ?"

"ಒಂದು ಮೇಡಂ. ಆದ್ರೆ ಭಾರೀ ಮೀನು."

"ಗಂಡು?"

"ಅವಳ ಮಕ್ಕಳೇ."

"ಆ ಮಕ್ಕಳ ಅಪ್ಪ?"

ನಾನು ಬೆರಳು ಮಡಚಿ ನೋಡಿದೆ. "ಅವನೂ ಅವಳ ಮಗನೇ ಇರ್ಬೇಕು."

ಮೇಡಂ ಪೆನ್ನು ಕೆಳಗಿಟ್ಟರು. "ನಿಮ್ಮ ಕಡೆ ಹೆಣ್ಣು ಗಂಡು ನೋಡೋವಾಗ ಬೆಡಗು ಕೇಳ್ತಾರಲ್ವಾ, ಮೂಲ ಯಾವ ಮನೆತನ ಅಂತ?"

"ಕೇಳ್ದೆ ಇರ್ತಾರಾ? ಒಂದೇ ಬೆಡಗಾದ್ರೆ ಅಣ್ಣ ತಂಗಿ ಆಗ್ತಾರೆ. ಕೊಡಂಗಿಲ್ಲ, ತರಂಗಿಲ್ಲ."

"ಮತ್ತೆ ಮೀನಿಗೆ ಯಾರು ಕೇಳಿದ್ರು?"

ನಿಧಾನವಾಗಿ ತಿಳಿಸಿ ಹೇಳಿದರು. ಪ್ರತಿ ಜೀವದ ರಕ್ತದಲ್ಲೂ ಒಂದೆರಡು ಕುಂದು ಅಡಗಿ ಕೂತಿರುತ್ತವೆ. ಅಪ್ಪನ ಕಡೆಯ ಕುಂದೇ ಬೇರೆ, ಅಮ್ಮನ ಕಡೆಯ ಕುಂದೇ ಬೇರೆ ಆದರೆ ಒಂದು ಇನ್ನೊಂದನ್ನು ಮುಚ್ಚುತ್ತದೆ. ಒಂದೇ ಮನೆಯವರನ್ನು ಮತ್ತೆ ಮತ್ತೆ ಕೂಡಿಸಿದರೆ ಅದೇ ಕುಂದು ಎರಡೂ ಕಡೆಯಿಂದ ಬಂದು ಮಗುವಿನಲ್ಲಿ ಎದ್ದು ಕಾಣುತ್ತದೆ. "ಈ ಬೋಳು ಮೀನು ನೋಡಿ. ಇದು ರೋಗ ಅಲ್ಲ. ಅಪ್ಪ ಅಮ್ಮ ಇಬ್ರಲ್ಲೂ ಬಚ್ಚಿಟ್ಕೊಂಡಿದ್ರೆ ಮಾತ್ರ ಮಕ್ಕಳಲ್ಲಿ ಕಾಣೋದು. ದಪ್ಪ ಇದೆ ಅಂತ ಒಂದನ್ನೇ ನೆಚ್ಕೋಬೇಡಿ. ತುಂಬ ತಾಯಿ, ತುಂಬ ತಂದೆ ಇಡಿ. ಬೇರೆ ಕಡೆಯಿಂದ ತನ್ನಿ. ತರೋ ಮುಂಚೆ ಮೂಲ ಎಲ್ಲಿದು ಅಂತ ಕೇಳಿ, ನಿಮ್ಮದನ್ನೂ ನಿಜ ಹೇಳಿ."

ಅಯ್ಯೋ, ಅದೇ ಬಟಾಣಿ ಪಾಠ! ಬಟವಾಡಿಯಲ್ಲಿ ಬಿಟ್ಟು ಬಂದದ್ದು ನನ್ನನ್ನು ಹುಡುಕಿಕೊಂಡು ಬಂದಿತ್ತು. ಆದರೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ತಪ್ಪೆಲ್ಲ ನನ್ನ ತಲೆಗೇ ಕಟ್ಟುತ್ತಿದ್ದಾರೆಂದರೆ ಇವರು ಕುಣಿಗಲ್ ಕಡೆಯವರೇ ಇರಬೇಕು.

"ಮೇಡಂ, ತಮ್ಮದು ಯಾವೂರು?"

"ಗುಬ್ಬಿ ಪಕ್ಕನೇ. ಯಾಕೆ?"

"ಏನಿಲ್ಲ ಮೇಡಂ, ಸುಮ್ನೆ ಕೇಳ್ದೆ."

ಬೇರೆ ಕಡೆಯ ಗಂಡು ಬೇಕೆಂದರೆ ಹತ್ತಿರದಲ್ಲಿ ಇದ್ದದ್ದು ಕುಣಿಗಲ್ಲಿನ ಯಜಮಾನರೇ. ಗಂಡು ತಂದ ಹಾಗೂ ಆಯಿತು, ಅವರ ಕೊಳದ ಗುಟ್ಟು ನೋಡಿದ ಹಾಗೂ ಆಯಿತು ಎಂದು ಎರಡು ಹಾಲಿನ ಕ್ಯಾನು ಹಿಡಿದು ಹೊರಟೆ. ಯಜಮಾನರು ಮಜ್ಜಿಗೆ ಕೊಟ್ಟು ಕೂರಿಸಿದರು. ಅವರ ಗೆಂಡೆಗಳು ಕಟ್ಟುಮಸ್ತಾಗಿದ್ದವು, ಮೈತುಂಬ ಹುರುಪೆ.

"ಇವುಗಳ ಮೂಲ ಎಲ್ಲಿದು?" ಎಂದು ಕೇಳಿದೆ.

"ಆಂಧ್ರದ್ದು. ನಮ್ಮ ಭಾಮೈದ ತಂದ್ಕೊಟ್ಟಿದ್ದು. ನಿಮ್ಮವು?"

ನಿಜ ಹೇಳಿ ಅಂದಿದ್ದರು ಮೇಡಂ. ಆದರೆ ಈ ಮನುಷ್ಯ "ಹೂಂ" ಅಂದವನು. "ಕಲ್ಕತ್ತದವು" ಅಂದೆ.

ಅವರು ನನ್ನನ್ನೇ ನೋಡುತ್ತ "ಹೂಂ" ಅಂದರು.

ನಾಲ್ಕು ಗಂಡುಗಳನ್ನು ಕ್ಯಾನಿಗೆ ಎರಡೆರಡರಂತೆ ಹಾಕಿಕೊಂಡು ತುಮಕೂರಿನ ಬಸ್ಸು ಹತ್ತಿದೆ. ಅದು ಯಡಿಯೂರಿನ ಕಡೆಯಿಂದ ಬಂದ ಬಸ್ಸು. ಸಿದ್ಧಲಿಂಗೇಶ್ವರನ ದರ್ಶನ ಮುಗಿಸಿ, ಹಣೆತುಂಬ ವಿಭೂತಿ ಇಟ್ಟುಕೊಂಡವರೇ ಬಸ್ಸಿನ ತುಂಬ. ಅಲ್ಲಿ ಮೀನು ಅಂದರೆ ನನ್ನನ್ನು ಕ್ಯಾನಿನ ಸಮೇತ ಇಳಿಸುತ್ತಿದ್ದರು.

"ಏನ್ರಿ ಅದು?" ಎಂದ ಕಂಡಕ್ಟರ್.

"ಮಜ್ಜಿಗೆ ಸಾರ್. ಮದುವೆ ಮನೇಗೆ." ಅದೊಂದು ರೀತಿಯಲ್ಲಿ ನಿಜವೇ, ಮದುವೆಯಂತೂ ಇತ್ತು.

ಪಕ್ಕದಲ್ಲಿ ಕೂತ ಅಜ್ಜಿಯ ಮುಖ ಅರಳಿತು. "ಒಂದ್ ಲೋಟ ಕೊಡಪ್ಪ, ಬಾಯಿ ಒಣಗೈತೆ."

"ಹುಳಿ ಬಂದ್ಬಿಟ್ಟಿದೆ ಅಜ್ಜಿ."

"ಹುಳಿ ಇದ್ರೇ ಚೆಂದ."

ಅಷ್ಟರಲ್ಲಿ ಒಳಗಿನ ಗಂಡೊಂದು ಕ್ಯಾನಿಗೆ ಬಾಲದಿಂದ ಬಾರಿಸಿತು. ಧಡ್!

"ಇದೇನೋ, ನಿಮ್ಮನೆ ಮಜ್ಜಿಗೆ ಒದೀತದೆ?"

"ಸರಿಯಾಗಿ ಕಡೆದಿಲ್ಲ ಅಜ್ಜಿ. ಒಳಗೊಳಗೇ ಕಡ್ಕೊಳ್ತಿದೆ."

ಬೇರೆ ಯಾರೂ ಇಷ್ಟು ಕೆಟ್ಟ ಸುಳ್ಳು ಹೇಳಿರಲಾರರು. ಹೆಬ್ಬೂರಿನ ಹತ್ತಿರ ಬಸ್ಸು ಗುಂಡಿಗೆ ಬಿದ್ದು ಕ್ಯಾನಿನ ಮುಚ್ಚಳ ಹಾರಿತು. ಒಂದು ಮೀಸೆಯ ಮೂತಿ ಮೇಲೆ ಬಂದು ಅಜ್ಜಿಯನ್ನು ನೋಡಿತು. ಅಜ್ಜಿ ಅದನ್ನು ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ. ಅಜ್ಜಿ ಯಾರಿಗೂ ಕಾಣದ ಹಾಗೆ ಮುಚ್ಚಳವನ್ನು ತಾವೇ ಒತ್ತಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ನಾನೇನೂ ನೋಡಿಲ್ಲ. ತುಮಕೂರ್ನಾಗೆ ಇಳ್ದು ನೀರು ಬದಲಾಯ್ಸು, ಪಾಪ, ಉಸಿರು ಕಟ್ತದೆ."

ಇಡೀ ದಾರಿಯಲ್ಲಿ ನಾನು ಅನುಮಾನಪಡದೆ ನಂಬಿದ್ದು ಆ ಮಾತೊಂದನ್ನೇ. ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ನೀರು ಬದಲಾಯಿಸಿದೆ. ಅಲ್ಲಿಂದ ಗುಬ್ಬಿ ಬಸ್ಸು ಹತ್ತಿದೆ. ನಾಲ್ಕೂ ಗಂಡುಗಳು ಜೀವಂತ ಮನೆ ಸೇರಿದವು. ಚಿಕ್ಕಮ್ಮ ತಮಾಷೆಗೆ ಕ್ಯಾನಿಗೆ ಅರಿಶಿನ ಕುಂಕುಮ ಹಚ್ಚಿ, "ಬೀಗರು ಬಂದ್ರು" ಎಂದು ಬರಮಾಡಿಕೊಂಡರು.

ಆ ಸಲ ನಾನು ಮೈಯೆಲ್ಲ ಕಣ್ಣಾಗಿ ಕಾದೆ. ಕುಣಿಗಲ್ಲಿನ ಗಂಡುಗಳ ಜೊತೆ ಮಹಾರಾಣಿಯ ಹೆಣ್ಣುಮಕ್ಕಳನ್ನು ಬಿಟ್ಟೆ. ಮೊಟ್ಟೆ ಅಂಟಿತು, ಮರಿ ಒಡೆಯಿತು. ಹುರುಪೆ ಮೂಡುವವರೆಗೆ ಒಂದೂವರೆ ತಿಂಗಳು ಊಟ ರುಚಿಸಲಿಲ್ಲ. ಒಂದು ಬೆಳಿಗ್ಗೆ ಬಲೆ ಎಳೆದೆವು. ಚಿಕ್ಕಮ್ಮ ಬುಟ್ಟಿಗೆ ಕೈ ಹಾಕಿ ಒಂದು ಮರಿ ಎತ್ತಿದರು. ಬೆನ್ನು ಡೊಂಕು. ಇನ್ನೊಂದು ಎತ್ತಿದರು. ಬೋಳು. ಮತ್ತೊಂದು ಬೋಳು.

"ಇದು ನಮ್ಮನೆ ಬೋಳು ಕಣೋ" ಅಂದರು.

ಚಿಕ್ಕಪ್ಪ ಟವೆಲ್ ತೆಗೆದು ತಲೆ ಒರೆಸಿಕೊಂಡು ಅಂಗಳದ ಸಸಿಗಳ ಕಡೆ ತಿರುಗಿದರು.

ನನ್ನ ತಲೆಯಲ್ಲಿ ಮೇಡಂ ಮಾತು ಮಿಂಚಿತು. ಅಪ್ಪ ಅಮ್ಮ ಇಬ್ಬರಲ್ಲೂ ಬಚ್ಚಿಟ್ಟುಕೊಂಡಿದ್ದರೆ ಮಾತ್ರ! ನಮ್ಮ ಹೆಣ್ಣುಗಳಲ್ಲಿ ಇರುವುದು ಕುಣಿಗಲ್ಲಿನ ಗಂಡುಗಳಲ್ಲೂ ಇದೆ ಅಂದರೆ ಅವು ನಮ್ಮ ಮೀನುಗಳೇ! ಕದ್ದಿದ್ದಾನೆ! ಬದುವಿನ ಮೇಲೆ ನಿಂತು "ಹೂಂ" ಅಂದದ್ದು ಅದಕ್ಕೇ! ಇಡೀ ಜನ್ಮದಲ್ಲಿ ನಾನು ಅರ್ಥಮಾಡಿಕೊಂಡ ಮೊದಲ ಪಾಠವನ್ನು ಹಿಡಿದು ನೇರ ಕಳ್ಳನ ಹತ್ತಿರ ಓಡಿದೆ. ನಾನು ಹೊಡೆತ ತಿನ್ನಬಾರದೆಂದು ಚಿಕ್ಕಪ್ಪನೂ ಬಂದರು.

ಕುಣಿಗಲ್ಲಿನ ಯಜಮಾನರ ಮುಂದೆ ಬೋಳು ಮರಿಯ ಬಾಟಲಿ ಕುಕ್ಕಿ, ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಭಾಷಣವನ್ನು ಪೂರ್ತಿ ಒಪ್ಪಿಸಿದೆ. ಆಂಧ್ರವಂತೆ, ಆಂಧ್ರ! ಕಳ್ಳಮಾಲು! ಪೊಲೀಸು! ಅವರು ಬಾಟಲಿ ಎತ್ತಿ ತಿರುಗಿಸಿ ನೋಡಿ "ಹೂಂ" ಅಂದರು. ಆಮೇಲೆ ಒಳಗಡೆಗೆ ಕೂಗಿದರು. "ಲೇ ಭಾಮೈದ, ಬಾರೋ ಇಲ್ಲಿ. ನಿನ್ನ ಆಂಧ್ರದವ್ರು ಬಂದವ್ರೆ."

ಬಾಗಿಲಿಗೆ ಬಂದವನು ನನ್ನನ್ನು ನೋಡಿದ್ದೇ ಎರಡೂ ಕೈ ಮೇಲೆತ್ತಿದ. ಗುಬ್ಬಿ ಸಂತೆಯ ಮೊಪೆಡ್ಡಿನವನು.

"ಅಣ್ಣಾ, ನಾನು ಯಾರ್ಗೂ ಹೇಳಿಲ್ಲ! ನಮ್ಮವ್ವನಾಣೆಗೂ ಹೇಳಿಲ್ಲ! ಭಾವ ಎಷ್ಟು ಕೇಳಿದ್ರೂ ಆಂಧ್ರ ಅಂತಾನೇ ಅಂದೆ!"

ಈ ಜಿಲ್ಲೆಯಲ್ಲಿ ಕೊಟ್ಟ ಮಾತು ಉಳಿಸಿಕೊಂಡವನು ಒಬ್ಬನೇ ಒಬ್ಬ. ಅವನು ನನಗೇ ಸಿಗಬೇಕೇ?

ಯಜಮಾನರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಹಂಗಾದ್ರೆ ಎರಡು ವರ್ಷದಿಂದ ನನ್ನ ಕೊಳದಾಗೆ ಡೊಂಕು ಮರಿ ಹುಟ್ತಿರೋದು ನಿನ್ನ ಪ್ರಸಾದವಾ? ಯಾರೋ ಮಾಟ ಮಾಡಿಸವ್ರೆ ಅಂತ ಬದುವಿಗೆಲ್ಲ ನಿಂಬೆಹಣ್ಣು ಕಟ್ಟಿದ್ದೀನಲ್ಲೋ! ನಿಮ್ಮಲ್ಲೂ ಹಂಗೇನಾ ಅಂತ ನೋಡಕ್ಕೆ ಬಂದೆ, ಕೇಳಕ್ಕೆ ಮರ್ಯಾದೆ ಅಡ್ಡ ಬಂತು, ಸುಮ್ನೆ ಹೂಂ ಅಂದು ಬಂದೆ!"

ಮೊದಲು ನಕ್ಕವರು ಚಿಕ್ಕಪ್ಪ. ಆಮೇಲೆ ಯಜಮಾನರು. ಭಾಮೈದ ಮಾತ್ರ ಆಣೆ ಮುರಿದ ಹಾಗಾಯಿತೇ ಎಂದು ಕೇಳುತ್ತಲೇ ಇದ್ದ.

ಅವತ್ತು ಜಗಲಿಯ ಮೇಲೆ ಕೂತು ಇಬ್ಬರು ಹಿರಿಯರೂ ಬೀಗರ ಮಾತುಕತೆಯ ಹಾಗೆಯೇ ಒಪ್ಪಂದ ಮಾಡಿಕೊಂಡರು. ಇಬ್ಬರೂ ಹೊರಗಿನಿಂದ ಹೊಸ ಮೀನು ತರುವುದು, ಹೆಣ್ಣು ಒಂದು ಕಡೆಯಿಂದ, ಗಂಡು ಇನ್ನೊಂದು ಕಡೆಯಿಂದ. ತಂದಲ್ಲೆಲ್ಲ ಮೂಲ ವಿಚಾರಿಸುವುದು, ಕೇಳಿದವರಿಗೆ ನಿಜ ಹೇಳುವುದು. ಗುರುತಿಗೆ ನಮ್ಮ ಮೀನಿನ ಬಲ ಹೊಟ್ಟೆರೆಕ್ಕೆ, ಅವರ ಮೀನಿನ ಎಡ ಹೊಟ್ಟೆರೆಕ್ಕೆ ಚೂರು ಕತ್ತರಿಸುವುದು. ಕತ್ತರಿ ಮಾತ್ರ ನನ್ನ ಕೈಗೆ ಕೊಡಬಾರದು.

ಚಿಕ್ಕಪ್ಪ ಆಡಿದ ಮಾತಿಗೆ ತಪ್ಪುವವರಲ್ಲ. ಊರಿಗೆ ಬಂದವರೇ ಮಹಾರಾಣಿಯ ಕೊಳ ಮುಚ್ಚಿಸಿ ಸಸಿ ನೆಡಿಸಿದರು. ನಾಲ್ಕರಲ್ಲಿ ಒಂದು ಹೋಗಿ ಮೂರೇ ಉಳಿದವಲ್ಲ ಎಂದು ನಾನು ಗೊಣಗಿದ್ದಕ್ಕೆ, "ನಾಲ್ಕೂ ಹೋಗ್ಬೇಕಿತ್ತು. ಬೀಗರು ಒಂದು ವರ್ಷ ಟೈಮ್ ಕೇಳವ್ರೆ. ನಿನ್ಗಲ್ಲ, ಅವ್ರಿಗೆ ಕೊಟ್ಟಿದ್ದು" ಅಂದರು. ಮಹಾರಾಣಿಯನ್ನು ತೋಟದ ಬಾವಿಗೆ ಬಿಟ್ಟೆವು. ಇನ್ನು ಅವಳಿಗೆ ಮದುವೆಯ ಕಾಟವಿಲ್ಲ.

ಮರುವರ್ಷ ಬಲೆ ಎಳೆದಾಗ ಬುಟ್ಟಿಯಲ್ಲಿದ್ದ ಮರಿಗಳೆಲ್ಲ ಒಂದೊಂದು ಥರ. ಕೆಲವು ಉದ್ದ, ಕೆಲವು ಗುಂಡು, ಒಂದೂ ಮಹಾರಾಣಿಯಷ್ಟು ಚೆಂದವಿಲ್ಲ. ಆದರೆ ಬೆನ್ನು ನೆಟ್ಟಗಿತ್ತು. ನಾನು ಒಂದೊಂದನ್ನೇ ಬೆಳಕಿಗೆ ಹಿಡಿದು, ಇದರಲ್ಲಿ ಯಾರದಾದರೂ ಮೋಸ ಇದೆಯೇ ಎಂದು ನೋಡುತ್ತಿದ್ದೆ. ಉಳಿದ ಸಸಿಗಳನ್ನು ಬದುವಿನ ಮೇಲೆ ನೆಡುತ್ತಿದ್ದ ಚಿಕ್ಕಮ್ಮ ಗುದ್ದಲಿ ಊರಿ ನಿಂತು ಹೇಳಿದರು:

"ಸಾಕು ಬುಡೋ, ಮೀನು ನಾಚ್ಕೊತವೆ. ಒಂದ್ ಮಾತು ಕೇಳು. ನಾಳೆ ನಿಂಗೆ ಹೆಣ್ಣು ನೋಡಕ್ಕೆ ನಾವ್ ಹೋಗ್ತೀವಿ, ನೀನು ಮಾತ್ರ ಬರ್ಬೇಡ. ನಿನ್ನ ಒಬ್ಬನ್ನೇ ಕಳ್ಸಿದ್ರೆ ಏಳೂರು ಸುತ್ತಿ, ಎಲ್ರ ಮೇಲೂ ಅನುಮಾನ ಪಟ್ಟು, ಕೊನೆಗೆ ಕ್ಯಾನು ಹೊತ್ಕೊಂಡು ನಮ್ಮನೆ ಹಿತ್ಲು ಬಾಗ್ಲಿಗೇ ಬಂದು ನಿಲ್ತೀಯ."